ಹಿತ್ತಾಳೆ ತಗಡಿನ ಬಾಗಿಲು

ಬಚ್ಚಲುಮನೆಯ ಮುಚ್ಚಿದ ಬಾಗಿಲಿನ ಮುಂದೆ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಕಾಯುತ್ತ ನಿಂತ ಗೃಹಸ್ಥನ ಭಂಗಿಯನ್ನು ನಮ್ಮ ಶಿಲ್ಪಿಗಳಲ್ಲಿ ಒಬ್ಬನಾದರೂ ಕಲ್ಲಿನಲ್ಲಿ ಕಡೆಯದೆ ಹೋದದ್ದು ನನಗೆ ಬಹುಕಾಲದಿಂದ ಸೋಜಿಗದ ಸಂಗತಿಯಾಗಿದೆ. ದೇವಸ್ಥಾನದ ಗೋಡೆಗಳ ಮೇಲೆ ಕನ್ನಡಿ ನೋಡಿಕೊಳ್ಳುವವರಿದ್ದಾರೆ, ಕಾಲಿನ ಮುಳ್ಳು ತೆಗೆಸಿಕೊಳ್ಳುವವರಿದ್ದಾರೆ, ಒದ್ದೆ ಕೂದಲು ಹಿಂಡಿಕೊಳ್ಳುವವರೂ ಇದ್ದಾರೆ. ಆದರೆ ಅವರು ಆ ಕೂದಲನ್ನು ತೊಳೆದುಕೊಂಡು ಹೊರಗೆ ಬರುವವರೆಗೆ ಬಾಗಿಲಾಚೆ ನಿಂತು ಕಾದವನ ಸುಳಿವೇ ಇಲ್ಲ. ಶರೀರದ ಭಾರವನ್ನೆಲ್ಲ ಒಂದೇ ಕಾಲಿಗೆ ವಹಿಸಿ, ಗೋಡೆಗೆ ಒರಗಿಯೂ ಒರಗದಂತೆ ನಿಂತು, ಟವೆಲ್ಲನ್ನು ಆಗಾಗ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ವರ್ಗಾಯಿಸುತ್ತ, ಒಳಗಿನ ನೀರಿನ ಸದ್ದಿಗೆ ಕಿವಿಗೊಟ್ಟು ಇನ್ನೆಷ್ಟು ಚೊಂಬು ಉಳಿದಿರಬಹುದೆಂದು ಅಂದಾಜು ಮಾಡುವ ಈ ಭಂಗಿಗೆ ಶಾಸ್ತ್ರದಲ್ಲಿ ಹೆಸರಿಲ್ಲ. ನಿಮ್ಮಲ್ಲಿ ಬಾಡಿಗೆ ಮನೆಗಳಲ್ಲಿ ಬೆಳೆದವರಿಗೆ ಹೆಸರಿನ ಅಗತ್ಯವೂ ಇಲ್ಲ.

ವಿಜಯನಗರದ ಮಗ್ಗುಲಿನ ಮಾರೇನಹಳ್ಳಿಯಲ್ಲಿ ನಾವು ಬಾಡಿಗೆಗಿದ್ದ ಮನೆಯಲ್ಲಿ ನಾನು ಈ ಭಂಗಿಯನ್ನು ದೀರ್ಘಕಾಲ ಅಭ್ಯಾಸ ಮಾಡಿದ್ದೇನೆ. ಮನೆಯಲ್ಲಿ ನಾನು, ನನ್ನ ಹೆಂಡತಿ ವಿಮಲಾ, ಇಬ್ಬರು ಮಕ್ಕಳು ಮತ್ತು ನನ್ನ ತಾಯಿ, ಬಚ್ಚಲು ಒಂದೇ. ನಮ್ಮೈವರಲ್ಲಿ ಗಾತ್ರದಿಂದಲೂ ಕೇಶರಾಶಿಯಿಂದಲೂ ಅತ್ಯಂತ ಕಡಿಮೆ ನೀರು ಬೇಕಾಗಿದ್ದವಳು ಅಮ್ಮ; ಅತ್ಯಂತ ಹೆಚ್ಚು ಹೊತ್ತು ಬಚ್ಚಲನ್ನು ಆಕ್ರಮಿಸಿಕೊಳ್ಳುತ್ತಿದ್ದವಳೂ ಅವಳೇ. ನೀರಿನ ಸದ್ದು ನಿಂತು ಎಷ್ಟೋ ಹೊತ್ತಾದರೂ ಚಿಲಕ ತೆಗೆದ ಸದ್ದು ಕೇಳುತ್ತಿರಲಿಲ್ಲ. ಅದರ ಬದಲು ಸಣ್ಣ ಧ್ವನಿಯಲ್ಲಿ ಏನೋ ಗುಣುಗುಣು ಕೇಳುತ್ತಿತ್ತು. ಅದು ಸ್ತೋತ್ರವಿರಬೇಕೆಂದು ನಾವೆಲ್ಲ ತೀರ್ಮಾನಿಸಿದ್ದೆವು. ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದರೆ ಸೀಗೆಪುಡಿ ಬಿತ್ತು ಎನ್ನುತ್ತಿದ್ದಳು.

"ಅಮ್ಮಾ, ಆಯ್ತಾ? ನಂಗೆ ಫಸ್ಟ್ ಅವರ್ ಕ್ಲಾಸಿದೆ" ಎಂದು ನಾನು ಬಾಗಿಲು ಬಡಿಯುತ್ತಿದ್ದೆ.

"ಬಂದೆ ಕಣೋ, ಒಂದ್ನಿಮಿಷ" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಆ ನಿಮಿಷಕ್ಕೂ ಗೋಡೆ ಗಡಿಯಾರಕ್ಕೂ ಯಾವ ಬಗೆಯ ನೆಂಟಸ್ತಿಕೆಯೂ ಇರಲಿಲ್ಲ.

ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದದ್ದು ತರ್ಕಶಾಸ್ತ್ರವನ್ನು. ಈ ವಿಷಯವನ್ನು ಆರಿಸಿಕೊಳ್ಳುವ ವಿದ್ಯಾರ್ಥಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದು, ಕೊನೆಗೆ ಬೇರೆ ಯಾವ ವಿಷಯದಲ್ಲೂ ಜಾಗ ಸಿಗದವರು ಮಾತ್ರ ನನ್ನ ತರಗತಿಯ ಕಿಟಕಿ ಪಕ್ಕದಲ್ಲಿ ಕೂತು ರಸ್ತೆ ನೋಡುವ ಹಂತ ತಲುಪಿತ್ತು. ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ, ಬೆಟ್ಟದಲ್ಲಿ ಹೊಗೆಯಿದೆ, ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ ಎಂದು ನಾನು ಹೇಳಿದಾಗ ಅವರು ಮಾಗಡಿ ರಸ್ತೆಯ ಹೊಗೆಯನ್ನು ನೋಡುತ್ತ ತಲೆಯಾಡಿಸುತ್ತಿದ್ದರು. ಆದರೂ ಲಕ್ಷಣದಿಂದ ವಸ್ತುವನ್ನು ಊಹಿಸುವ ನನ್ನ ಸಾಮರ್ಥ್ಯದ ಬಗ್ಗೆ ನನಗೆ ಸಣ್ಣದಲ್ಲದ ಅಭಿಮಾನವಿತ್ತು. ಈ ಪ್ರಬಂಧ ಆ ಅಭಿಮಾನಕ್ಕೆ ಏನಾಯಿತು ಎಂಬುದನ್ನೂ ಸ್ವಲ್ಪ ಮಟ್ಟಿಗೆ ಹೇಳುತ್ತದೆ.

ಅಮ್ಮ ಮದುವೆಯಾದಂದಿನಿಂದ ಸ್ವಂತ ಮನೆ ಕಂಡವಳಲ್ಲ. ಅಪ್ಪನ ಜೊತೆ ಬಾಡಿಗೆ ಮನೆಗಳು, ಅಪ್ಪ ಹೋದ ಮೇಲೆ ನನ್ನ ಜೊತೆ ಬಾಡಿಗೆ ಮನೆಗಳು. ನಮಗೆ ಎಲ್ಲಾದರೂ ಒಂದು ಮೂಲೆ ಸಿಗುತ್ತಿತ್ತು, ಕಷ್ಟವಾಗುತ್ತಿದ್ದದ್ದು ದೇವರಿಗೆ. ಒಂದು ಮನೆಯಲ್ಲಿ ದೇವರು ಅಡುಗೆಮನೆಯ ಕಡಪಾ ಕಲ್ಲಿನ ಕೆಳಗೆ ಗ್ಯಾಸ್ ಸಿಲಿಂಡರಿನ ನೆರೆಯಲ್ಲಿದ್ದ. ಇನ್ನೊಂದರಲ್ಲಿ ಫ್ರಿಜ್ಜಿನ ನೆತ್ತಿಯ ಮೇಲೆ ಕೂತು, ಅದು ಚಾಲೂ ಆದಾಗಲೆಲ್ಲ ಸಣ್ಣಗೆ ಕಂಪಿಸುತ್ತಿದ್ದ. ಮಾರೇನಹಳ್ಳಿಯ ಮನೆಯಲ್ಲಿ ಮಾಲೀಕರು ಗೋಡೆಗೆ ಮೊಳೆ ಹೊಡೆಯಕೂಡದೆಂದು ವಿಧಿಸಿದ್ದರಿಂದ ಹಾಲಿನ ಶೋಕೇಸಿನಲ್ಲಿ, ಮಕ್ಕಳು ಓಟದ ಪಂದ್ಯದಲ್ಲಿ ಗೆದ್ದ ಕಪ್ಪುಗಳ ನಡುವೆ, ಟೀವಿಗೆ ಎದುರಾಗಿ ಆಸೀನನಾಗಿದ್ದ. ಅಮ್ಮ ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಧಾರಾವಾಹಿಯ ಅತ್ತೆ ಸೊಸೆಗೆ ವಿಷ ಬೆರೆಸುತ್ತಿರುತ್ತಿದ್ದಳು. ಅಮ್ಮನ ಬೆನ್ನ ಹಿಂದೆ ಸದಾ ಯಾರಾದರೂ ಇರುತ್ತಿದ್ದರು.

ಕೊನೆಗೆ, ಈ ಶತಮಾನದ ಮೊದಲ ದಶಕ ಅರ್ಧ ಸವೆದಿದ್ದಾಗ, ಹೇರೋಹಳ್ಳಿಯಲ್ಲಿ ಹಿಂದೆಂದೋ ಕೊಂಡಿದ್ದ ಸೈಟಿನಲ್ಲಿ ಮನೆ ಕಟ್ಟಿಸುವುದೆಂದು ನಿಶ್ಚಯಿಸಿದೆವು. ಊರು ಆಗಷ್ಟೇ ಪಟ್ಟಣವಾಗುತ್ತಿತ್ತು. ರಾಗಿ ಹೊಲಗಳು ನಿವೇಶನಗಳಾಗಿದ್ದವು, ರಸ್ತೆಗಳು ಮಾತ್ರ ಇನ್ನೂ ಹೊಲಗಳಾಗಿಯೇ ಉಳಿದಿದ್ದವು. ನಕ್ಷೆ ಹರಡಿಕೊಂಡು ಕೂತಾಗ ಎಲ್ಲರೂ ತಮಗೆ ಬೇಕಾದ್ದನ್ನು ಹೇಳಿದರು. ಅಮ್ಮ ಕಡೆಯಲ್ಲಿ, ಬತ್ತಿ ಹೊಸೆಯುತ್ತಲೇ ಹೇಳಿದಳು: "ದೇವರ ಮನೆಗೆ ಒಂದು ಬಾಗಿಲು ಇರಲಿ ಕಣೋ. ಕರ್ಟನ್ನು ಗಿರ್ಟನ್ನು ಬೇಡ. ಮುಚ್ಚಿದ್ರೆ ಮುಚ್ಕೊಳ್ಳೋ ಅಂಥ ಬಾಗಿಲು. ಇನ್ನೇನೂ ಬೇಡ ನಂಗೆ."

ರಾತ್ರಿ ಹೊತ್ತು ದೇವರಿಗೂ ವಿಶ್ರಾಂತಿ ಬೇಕಲ್ಲ ಎಂದು ಕಾರಣವನ್ನೂ ಅವಳೇ ಕೊಟ್ಟಳು. ಇಷ್ಟು ವರ್ಷ ಏನನ್ನೂ ಕೇಳದವಳು ಕೇಳಿದ್ದು ಅದೊಂದೇ. ಹಾಗಾಗಿ ಮನೆಯ ಮಿಕ್ಕೆಲ್ಲ ಹೇಗಾದರೂ ಆಗಲಿ, ಆ ಬಾಗಿಲು ಮಾತ್ರ ಕೆಡಬಾರದೆಂದು ನಾನು ಮನಸ್ಸಿನಲ್ಲೇ ಪಣ ತೊಟ್ಟೆ. ಕೆಡಿಸುವ ಕೆಲಸ ಸಾಧಾರಣವಾಗಿ ಇಂಥ ಪಣದಿಂದಲೇ ಆರಂಭವಾಗುತ್ತದೆ.

ಆ ದಿನಗಳಲ್ಲಿಯೇ ಒಂದು ಭಾನುವಾರ ಬಸವೇಶ್ವರನಗರದ ಸಭಾಂಗಣವೊಂದರಲ್ಲಿ ಪರಿಸರದ ಮೇಲೆ ಉಪನ್ಯಾಸವಿತ್ತು. ನಾನು ಹೋದದ್ದು ಪರಿಸರಪ್ರೇಮದಿಂದಲ್ಲ; ಮನೆಯಲ್ಲಿ ಗ್ರಾನೈಟೋ ವಿಟ್ರಿಫೈಡ್ ಟೈಲ್ಸೋ ಎಂಬ ಚರ್ಚೆ ಮೂರನೆಯ ವಾರಕ್ಕೆ ಕಾಲಿಟ್ಟಿದ್ದರಿಂದ. ಮಾತನಾಡಿದವಳು ಇನ್ನೂ ಚಿಕ್ಕ ವಯಸ್ಸಿನ ಎಂಜಿನಿಯರ್ ಹುಡುಗಿ. ಒಂದು ಮನೆಯನ್ನು ಕೆಡವಿದಾಗ ಏನಾಗುತ್ತದೆ ಎಂದು ಅವಳು ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದಳು. ಒಡೆದ ಗೋಡೆ ಟ್ರ್ಯಾಕ್ಟರಿನಲ್ಲಿ ಕೆರೆಯಂಗಳಕ್ಕೆ ಹೋಗುತ್ತದೆ, ಬಾಗಿಲು ಕಿಟಕಿಗಳು ಸೌದೆಗೆ ಹೋಗುತ್ತವೆ; ಇತ್ತ ಹೊಸ ಮನೆಗೆಂದು ಸಿಮೆಂಟು, ಇಟ್ಟಿಗೆ, ಕಬ್ಬಿಣ ಎಲ್ಲವೂ ಎಲ್ಲೋ ಒಂದು ಕಡೆ ಮತ್ತೆ ಹೊಗೆಯುಗುಳುತ್ತ ತಯಾರಾಗುತ್ತವೆ. ಮರ ಬೆಳೆಯುವಾಗ ಗಾಳಿಯಿಂದ ಹೀರಿಕೊಂಡ ಇಂಗಾಲವನ್ನು, ಕಡಿದು ಹಲಗೆ ಮಾಡಿದ ಮೇಲೂ ತನ್ನೊಳಗೇ ಇಟ್ಟುಕೊಂಡಿರುತ್ತದಂತೆ. ಸುಟ್ಟರೆ ಅಥವಾ ಕೊಳೆಯಲು ಬಿಟ್ಟರೆ ಅಷ್ಟನ್ನೂ ಮತ್ತೆ ಗಾಳಿಗೆ ಬಿಡುತ್ತದಂತೆ. "ಹಳೇ ಬಾಗಿಲನ್ನ, ಹಲಗೆಗಳನ್ನ, ಕಲ್ಲು ಚಪ್ಪಡಿಗಳನ್ನ ಇಡಿಯಾಗಿ ಬಿಚ್ಚಿ ಇನ್ನೊಂದು ಮನೆಗೆ ಹಾಕಿ. ಅಷ್ಟೇ ಮಾಡಿ ಸಾಕು" ಎಂದು ಅವಳು ಕೈಮುಗಿದು ಕೂತಳು.

ಜೀವನದಲ್ಲಿ ಮೊದಲ ಬಾರಿಗೆ ನನಗೆ ಜಗತ್ತಿನ ಉದ್ಧಾರವೂ ಖರ್ಚಿನ ಉಳಿತಾಯವೂ ಒಂದೇ ರಸ್ತೆಯಲ್ಲಿ ಸಿಕ್ಕಿದಂತಾಯಿತು. ಹೊಸದಾಗಿ ದೀಕ್ಷೆ ಪಡೆದವನ ಹುರುಪಿನಲ್ಲಿ, ಕರಿ ಹೊಗೆ ಬಿಡುವ ಆಟೋ ಒಂದನ್ನು ಹಿಡಿದು ಮನೆಗೆ ಬಂದು, ನಮ್ಮ ಮನೆಯ ಬಾಗಿಲು ಕಿಟಕಿಗಳೆಲ್ಲ ಹಳೆಯವೇ ಆಗತಕ್ಕದ್ದೆಂದು ಘೋಷಿಸಿದೆ. ವಿಮಲಾ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಡದೆ ಕೇಳಿದಳು: "ಹೊಸ ಮನೆಗೆ ಹಳೇ ಬಾಗಿಲು ಹಾಕ್ತಾರೇನ್ರೀ? ನೋಡ್ದೋರು ಏನಂತಾರೆ?" ನಾನು ಇಂಗಾಲದ ಚಕ್ರವನ್ನು ವಿವರಿಸಿದೆ. ಅವಳು ಚಕ್ರದ ಅರ್ಧದಲ್ಲೇ ಎದ್ದು ಕುಕ್ಕರ್ ಇಳಿಸಲು ಹೋದಳು. ಕಡೆಗೆ ಕಿಟಕಿಗಳು ಮತ್ತು ಮಹಾದ್ವಾರ ಹೊಸವು, ಒಳಗಿನ ಬಾಗಿಲುಗಳು ನನ್ನ ಇಷ್ಟ ಎಂದು ರಾಜಿಯಾಯಿತು. ಒಳಗಿನ ಬಾಗಿಲುಗಳಲ್ಲಿ ದೇವರ ಮನೆಯದೂ ಒಂದು ಎಂಬುದು ಅಮ್ಮನಿಗೆ ಹೊಳೆದದ್ದು ಆಮೇಲೆ.

ಅವಳು ಬೇಡವೆನ್ನಲಿಲ್ಲ. ಆದರೆ ಒಂದು ಷರತ್ತು ಹಾಕಿದಳು. ಹಳೆಯ ಬಾಗಿಲು ತನ್ನ ಮನೆಯ ಆಯವನ್ನೂ, ಅಂದರೆ ಅಲ್ಲಿನ ಒಳಿತು ಕೆಡುಕನ್ನೂ, ಜೊತೆಗೆ ತರುತ್ತದೆ. ಆದ್ದರಿಂದ ಅದು ಚೆನ್ನಾಗಿ ಬಾಳಿದವರ ಮನೆಯದಾಗಿರಬೇಕು. "ಕೇಳಿ ತಗೊಂಡ್ಬಾ. ಕಣ್ಣೀರು ಹಾಕ್ದೋರ ಮನೇದು ಬೇಡಪ್ಪ" ಎಂದಳು. ಕಣ್ಣೀರು ಹಾಕದವರ ಮನೆ ಯಾವುದೆಂದು ಕೇಳುವಷ್ಟು ತರ್ಕ ನನಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಒಡೆದ ಮನೆಗಳ ಬಾಗಿಲು ಕಿಟಕಿಗಳನ್ನು ಮಾರುವ ಅನ್ವರ್ ಸಾಬರ ಅಂಗಡಿ ಮಾಗಡಿ ರಸ್ತೆಯ ಪಕ್ಕದಲ್ಲಿತ್ತು. ಅಂಗಡಿಯೆಂದರೆ ಒಂದು ಬಯಲು. ಅಲ್ಲಿ ಬಾಗಿಲುಗಳು ಒಂದಕ್ಕೊಂದು ಒರಗಿ ಸಾಲಾಗಿ ನಿಂತಿದ್ದವು. ಯಾವುದರ ಹಿಂದೆಯೂ ಮನೆಯಿರಲಿಲ್ಲ. ಕೆಲವಕ್ಕೆ ಇನ್ನೂ ಮಾವಿನ ತೋರಣದ ಒಣಗಿದ ಎಲೆ ಅಂಟಿಕೊಂಡಿತ್ತು, ಒಂದರ ಮೇಲೆ ನಾಯಿಯಿದೆ ಎಚ್ಚರಿಕೆ ಎಂದು ಬರೆದಿತ್ತು. ನನಗೆ ಏಕೋ ಕಾರಣವಿಲ್ಲದೆ ಪ್ರತಿಯೊಂದನ್ನೂ ಮುಟ್ಟುವ ಮೊದಲು ಒಮ್ಮೆ ಬಡಿಯಬೇಕೆನ್ನಿಸಿತು. ಒಂದನ್ನು ಬಡಿದೂ ಬಿಟ್ಟೆ. ಸಾಬರು ನಾನು ಮರದ ಗಟ್ಟಿತನ ಪರೀಕ್ಷಿಸುತ್ತಿರುವೆನೆಂದು ತಿಳಿದು, ಬಲು ತಿಳಿದವನೆಂಬ ಗೌರವದಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿದರು.

ಆ ಸಾಲಿನ ಕೊನೆಯಲ್ಲಿತ್ತು ನನ್ನ ಬಾಗಿಲು. ಅಪ್ಪಟ ತೇಗ, ಆರು ಹಲಗೆಗಳು, ಪ್ರತಿ ಹಲಗೆಯ ಅಂಚಿಗೂ ಸಣ್ಣ ಬಳ್ಳಿಯ ಕೆತ್ತನೆ. ಎಲ್ಲಕ್ಕಿಂತ ಮಿಗಿಲಾಗಿ, ಬಾಗಿಲಿನ ಬುಡಕ್ಕೆ ಎರಡೂ ಬದಿಗೆ ಮೊಳಕಾಲೆತ್ತರದವರೆಗೆ ಹಿತ್ತಾಳೆಯ ತಗಡು ಹೊಡೆದಿತ್ತು. ಕಪ್ಪಿಟ್ಟಿದ್ದರೂ ಉಗುರಿನಿಂದ ಕೆರೆದರೆ ಹಳದಿ ಕಾಣುತ್ತಿತ್ತು.

ತಾರ್ಕಿಕನ ಮೂಗು ಚುರುಕಾಯಿತು. ಬಾಗಿಲಿಗೆ ಕೆತ್ತನೆಯಿದೆ, ಜನ ಕೆತ್ತನೆ ಮಾಡಿಸುವುದು ತಾವು ಗೌರವಿಸುವ ಸ್ಥಳಕ್ಕೆ. ಬಾಗಿಲಿಗೆ ಹಿತ್ತಾಳೆಯಿದೆ, ಹಿತ್ತಾಳೆ ಪೂಜೆಯ ಲೋಹ. ಗರ್ಭಗುಡಿಯ ಬಾಗಿಲಿಗೆ ಲೋಹದ ಹೊದಿಕೆ ಹೊಡೆಸುವುದು ಸರ್ವವಿದಿತ. ಆದ್ದರಿಂದ ಇದು ಯಾವುದೋ ದೊಡ್ಡ ಮನೆಯ ದೇವರ ಮನೆಯ ಬಾಗಿಲು. ತರ್ಕದವರು ಅನುಮಾನವೆಂದು ಕರೆಯುವ ಈ ಊಹೆಯನ್ನು ನಾನು ಅದರ ಅವಯವಗಳಾದ ಹೆಜ್ಜೆಗಳ ಸಮೇತ ಅನ್ವರ್ ಸಾಬರಿಗೆ ಮಂಡಿಸಿದೆ.

"ಇರಬೌದು ಸಾರ್. ಯಾವ ರೂಮಿಂದು ಅಂತ ಬಾಗ್ಲು ಮೇಲೆ ಬರ್ದಿರಲ್ಲ" ಎಂದರು ಸಾಬರು. "ರಾಜಾಜಿನಗರದ ಮಾಲು ಸಾರ್ ಇದು. ಒಳ್ಳೆ ಫ್ಯಾಮಿಲಿ. ಅಣ್ಣತಮ್ಮ ಎಲ್ಲ ಪಾಲಾಗಿ ಮನೆ ಫ್ಲ್ಯಾಟಿಗೆ ಕೊಟ್ರು. ಚೆನ್ನಾಗ್ ಬಾಳ್ದೋರೇ."

ಚೆನ್ನಾಗಿ ಬಾಳಿದವರು ಎಂಬ ಮಾತು ಸಿಕ್ಕಿದ ಮೇಲೆ ನನಗೆ ಬೇರೇನೂ ಬೇಕಿರಲಿಲ್ಲ.

ಬಡಗಿ ಕೃಷ್ಣಾಚಾರಿಗೆ ಬಾಗಿಲನ್ನು ಒಪ್ಪಿಸಿದಾಗ ಅವನು ಅದನ್ನು ಹಿಂದು ಮುಂದು ತಿರುಗಿಸಿ ನೋಡಿ, ಚಿಲಕವೊಂದು ಬಹುಕಾಲ ಇದ್ದು ಕಿತ್ತ ಗುರುತು ಒಳಮೈಯಲ್ಲಿದೆ ಎಂದ. ದೇವರ ಮನೆಗೆ ಒಳಗಿನಿಂದ ಚಿಲಕ ಹಾಕುವವರು ಯಾರು? ನಾವಿಬ್ಬರೂ ಸ್ವಲ್ಪ ಹೊತ್ತು ಯೋಚಿಸಿದೆವು. ಹಿಂದಿನ ಬಡಗಿ ಬಾಗಿಲನ್ನು ಉಲ್ಟಾ ಕೂರಿಸಿರಬೇಕೆಂದು ಆಚಾರಿ ಅಭಿಪ್ರಾಯಪಟ್ಟ. ಅವನ ವೃತ್ತಿಯಲ್ಲಿ ಹಿಂದಿನ ಬಡಗಿ ಮಾಡಿದ್ದೆಲ್ಲ ತಪ್ಪೇ ಆಗಿರುವುದರಿಂದ ನನಗೂ ಅದು ಸಮಂಜಸವೆನ್ನಿಸಿತು. ಮರದ ಹೊಟ್ಟಿಗೆ ಗೋಂದು ಕಲಸಿ ಮೆತ್ತಿ ಅವನು ಆ ತೂತುಗಳನ್ನು ಮುಚ್ಚಿದ. ಮೇಲಿನ ಹಲಗೆಗಳಲ್ಲಿ ಸಣ್ಣ ಕಿಂಡಿಗಳನ್ನು ಕೊರೆದು ಗಂಟೆಗಳನ್ನು ತೂಗಿಬಿಟ್ಟ. ಅಮ್ಮ ಮಾರೇನಹಳ್ಳಿಯಿಂದ ಹುಣಸೆಹಣ್ಣು ಕಟ್ಟಿಕೊಂಡು ಬಂದು, ಯಾರಿಗೂ ಮುಟ್ಟಗೊಡದೆ, ಆ ತಗಡನ್ನು ತಾನೇ ಉಜ್ಜಿದಳು. ಸಂಜೆಯ ಬಿಸಿಲಿಗೆ ಅದು ಚಿನ್ನದ ಹಾಗೆ ಹೊಳೆಯಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದು ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು, "ದೇವರು ಇನ್ಮೇಲೆ ಮನುಷ್ಯರ ಹಾಗೆ ಇರಬಹುದು" ಎಂದಳು. ನನಗೆ ಹೆಮ್ಮೆಯಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಗೃಹಪ್ರವೇಶದ ದಿನ ಹಸು ಹೊಸ ಟೈಲ್ಸಿನ ಮೇಲೆ ಕಾಲಿಡಲೊಪ್ಪದೆ ಮುಹೂರ್ತವನ್ನು ಸ್ವಲ್ಪ ಎಳೆದದ್ದು ಬಿಟ್ಟರೆ ಎಲ್ಲವೂ ಸರಾಗವಾಗಿ ನಡೆಯಿತು. ನಾನು ಬಂದವರನ್ನೆಲ್ಲ ದೇವರ ಮನೆಯ ಮುಂದೆ ನಿಲ್ಲಿಸಿ ಮರುಬಳಕೆಯ ಮಹತ್ವವನ್ನು ತಿಳಿಸಿಕೊಡುತ್ತಿದ್ದೆ. ಜನ ಊಟದ ಪಂಕ್ತಿಯ ಕಡೆ ಒಂದು ಕಣ್ಣಿಟ್ಟು ಕೇಳಿಸಿಕೊಳ್ಳುತ್ತಿದ್ದರು.

ಆಗ ಬಂದರು ಸಾವಿತ್ರಮ್ಮ. ಇವರು ಅಮ್ಮನಿಗೆ ಅತ್ತಿಗುಪ್ಪೆಯ ದೇವಸ್ಥಾನದ ಜಗಲಿಯ ಮೇಲೆ ಹಿಂದಿನ ವರ್ಷ ಸಿಕ್ಕ ಗೆಳತಿ. ಅತ್ತಿಗುಪ್ಪೆಯಲ್ಲಿ ಮಗಳ ಮನೆಯಲ್ಲಿದ್ದರು. ಮುಂಚೆ ರಾಜಾಜಿನಗರದಲ್ಲಿ ದೊಡ್ಡ ಮನೆಯಿತ್ತು, ಈಗಿಲ್ಲ ಎಂಬುದಕ್ಕಿಂತ ಹೆಚ್ಚಿಗೆ ಅವರು ಆ ವಿಷಯ ಆಡಿದವರಲ್ಲ. ನೀವೀಗಾಗಲೇ ಊಹಿಸಿದ್ದೀರಿ. ನಾನು ಊಹಿಸಿರಲಿಲ್ಲ. ಮನೆ ಒಡೆದದ್ದು ರಾಜಾಜಿನಗರದಲ್ಲಿ, ಬಾಗಿಲು ಬಿಕರಿಯಾದದ್ದು ಮಾಗಡಿ ರಸ್ತೆಯಲ್ಲಿ, ಕೂತದ್ದು ಅದೇ ರಸ್ತೆಯ ತುದಿಯ ಹೇರೋಹಳ್ಳಿಯಲ್ಲಿ; ಸಿಟಿ ಬಸ್ಸಿನಷ್ಟೇ ನೇರವಾದ ದಾರಿ.

ಸಾವಿತ್ರಮ್ಮ ಕುಂಕುಮದ ಬಟ್ಟಲು ಹಿಡಿದು ದೇವರ ಮನೆಯ ಮುಂದೆ ಬಂದವರು ಥಟ್ಟನೆ ನಿಂತರು. ಬಗ್ಗಿ ಹಿತ್ತಾಳೆ ತಗಡಿನ ಒಂದು ಮೂಲೆಯನ್ನು ಬೆರಳಿನಿಂದ ಸವರಿದರು. ಅಲ್ಲೊಂದು ತಗ್ಗಿತ್ತು. ಅವರ ಮುಖ ಅರಳಿದ ಬಗೆಯನ್ನು ನಾನು ಮರೆಯಲಾರೆ. ಜಾತ್ರೆಯ ಗುಂಪಿನಲ್ಲಿ ಕಳೆದುಹೋಗಿದ್ದ ಮಗು ಸಿಕ್ಕಿದವರ ಮುಖ ಅದು.

"ಅಯ್ಯೋ ರುಕ್ಮಿಣಮ್ಮ!" ಎಂದರು ಅಮ್ಮನ ಕಡೆ ತಿರುಗಿ, ಹಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ. "ಇದು ನಮ್ಮನೆ ಬಚ್ಚಲು ಬಾಗಿಲು ಕಣ್ರೀ! ನೋಡಿ, ನಾನೇ ಹಂಡೆ ಉರುಳಿಸಿ ಮಾಡಿದ ತಗ್ಗು!"

ಬಾಗಿಲಿನ ಗಂಟೆಗಳು ಗಾಳಿಗೆ ಎರಡು ಸಲ ಕಿಣಿಕಿಣಿ ಎಂದವು. ವಿಮಲಾ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಇಂಗಾಲದ ಚಕ್ರ ಪೂರ್ತಿಯಾಗಿತ್ತು. ಸಾವಿತ್ರಮ್ಮನವರಿಗೆ ತಾವು ಏನು ಹೇಳಿದೆವೆಂಬ ಅರಿವು ಇನ್ನೂ ಬಂದಿರಲಿಲ್ಲ. ಮಾವನವರು ಪಾತ್ರೆ ಅಂಗಡಿಯವರು, ಒಂದೇ ಮರ ತಂದು ಮನೆಯ ಬಾಗಿಲುಗಳನ್ನೆಲ್ಲ ಭೇದವಿಲ್ಲದೆ ಒಂದೇ ಮಾದರಿಯಲ್ಲಿ ಮಾಡಿಸಿದರು, ಬಚ್ಚಲಿನ ನೀರಿಗೆ ಬುಡ ಕೊಳೆಯದಿರಲೆಂದು ಅಂಗಡಿಯಲ್ಲಿ ಮಿಕ್ಕಿದ್ದ ಹಿತ್ತಾಳೆ ತಗಡು ಹೊಡೆಸಿದರು ಎಂದು ಸಂಭ್ರಮದಿಂದ ವಿವರಿಸುತ್ತಿದ್ದರು. ನನ್ನ ಅನುಮಾನದ ಅವಯವಗಳು ಒಂದೊಂದಾಗಿ ಕಳಚಿ ಬಿದ್ದವು.

ಅಮ್ಮ ಕೈಯಲ್ಲಿದ್ದ ಹೂವಿನ ಬುಟ್ಟಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು. ಅವಳ ಮುಖ ಚಿಕ್ಕದಾಗಿ ಹೋಗಿತ್ತು. ಅಷ್ಟು ವರ್ಷ ಕಾದು ಪಡೆದ ಬಾಗಿಲು. ಅದರ ಹಿಂದೆ ದೇವರು ಆಗಷ್ಟೇ ಕೂತಿದ್ದ. ನನಗೆ ಆ ಕ್ಷಣ ಹಿತ್ತಾಳೆಯ ಮೇಲೂ ತೇಗದ ಮೇಲೂ ಜಗತ್ತಿನ ಉದ್ಧಾರದ ಮೇಲೂ ತಡೆಯಲಾರದ ಸಿಟ್ಟು ಬಂತು.

ಪರಿಸ್ಥಿತಿಯನ್ನು ಮೊದಲು ಕೈಗೆತ್ತಿಕೊಂಡವರು ಪುರೋಹಿತರು. ಅವರಿಗೆ ಅದೇ ಬೆಳಗ್ಗೆ ಕೆಂಗೇರಿಯಲ್ಲಿ ಇನ್ನೊಂದು ಗೃಹಪ್ರವೇಶವಿತ್ತು. ಸೊಂಟದಲ್ಲಿದ್ದ ಮೊಬೈಲು ಆಗಿನಿಂದ ಗಾಯತ್ರಿ ಮಂತ್ರ ಹೇಳುತ್ತಲೇ ಇತ್ತು. "ಬಚ್ಚಲು ಅಂದ್ರೆ ಏನಮ್ಮ, ಸ್ನಾನದ ಜಾಗ. ಗಂಗೆ ಇರೋ ಜಾಗ. ಒಂದು ಪುಣ್ಯಾಹ ಮಾಡ್ಬಿಟ್ರೆ ದೋಷ ಇಲ್ಲ" ಎಂದು ಧೈರ್ಯ ಹೇಳಿದರು. ವಿಮಲಾ, ಸಂಜೆಯೊಳಗೆ ಹೊಸ ಬಾಗಿಲು ತರಿಸಿದರಾಯಿತು, ಅಲ್ಲಿಯವರೆಗೆ ಒಂದು ಸೀರೆ ಇಳಿಬಿಡೋಣ ಎಂದಳು. ದೇವರ ಹಣೆಯಲ್ಲಿ ಮತ್ತೆ ಕರ್ಟನ್ನೇ ಬರೆದಿತ್ತೇ ಎಂದು ನಾನು ಯೋಚಿಸುತ್ತ ನಿಂತಿದ್ದೆ.

ಆಗ ಸಾವಿತ್ರಮ್ಮನವರಿಗೆ ಅರ್ಥವಾಯಿತು. ಅವರ ಸಂಭ್ರಮ ಇಳಿದು, ಕೈ ಮಾತ್ರ ಬಾಗಿಲಿನ ಮೇಲೆಯೇ ಉಳಿಯಿತು.

"ತಪ್ಪು ತಿಳ್ಕೋಬೇಡಿ ರುಕ್ಮಿಣಮ್ಮ. ಕಂಡ ಖುಷಿಗೆ ಬಾಯಿಗೆ ಬಂದ್ಬಿಡ್ತು. ಆ ಮನೇದು ಬೇರೆ ಯಾವ ಬಾಗಿಲು ಕಂಡಿದ್ರೂ ನಂಗೆ ಹಿಂಗಾಗ್ತಿರಲಿಲ್ಲ" ಎಂದರು ತಗ್ಗಿದ ದನಿಯಲ್ಲಿ. "ಮನೆ ತುಂಬ ಜನ. ಮದುವೆಯಾಗಿ ಬಂದಾಗಿಂದ ನಾನು ಒಬ್ಬಳೇ ಇದ್ದದ್ದೇ ಇಲ್ಲ. ಹಗಲು ಹೊತ್ತು ಸೊಸೆಯಾದವಳು ರೂಮಿನ ಬಾಗಿಲು ಹಾಕ್ಕೊಂಡ್ರೆ ನಾಲ್ಕು ಮಾತು ಬರೋದು. ಚಿಲಕ ಹಾಕ್ಕೊಂಡ್ರೂ ಯಾರೂ ಏನೂ ಅನ್ನದೇ ಇದ್ದದ್ದು ಇದೊಂದೇ ಬಾಗಿಲು. ದೇವರ ಮನೇಲಿ ನಮ್ಮತ್ತೆ ಕೂತಿರೋರು. ಅಲ್ಲಿ ನಾನು ಶ್ಲೋಕ ಹೇಳ್ತಿದ್ದೆ, ಅಷ್ಟೆ. ಅಳೋದು, ಕೇಳೋದು, ದೇವರನ್ನ ಬೈಯೋದು ಎಲ್ಲ ಇಲ್ಲಿ, ಹಂಡೆ ಮುಂದೆ. ನೀರು ಬಿಟ್ಕೊಂಡ್ರೆ ಹೊರಗಡೆ ಕೇಳಿಸ್ತಿರಲಿಲ್ಲ."

ಅಮ್ಮ ತಲೆಯೆತ್ತಿ ಅವರನ್ನೇ ನೋಡಿದಳು.

"ನೀವೂನಾ?" ಎಂದಳು.

ಅಷ್ಟೇ. ಹೊಗೆಯಿಂದ ಬೆಂಕಿಯನ್ನು ಊಹಿಸುವ ವಿದ್ಯೆಯಲ್ಲಿ ನಾನು ಅಷ್ಟು ವರ್ಷ ಸಂಬಳ ತೆಗೆದುಕೊಂಡಿದ್ದೆ. ನೀರಿನ ಸದ್ದು ನಿಂತ ಮೇಲೂ ತೆರೆಯದ ಬಾಗಿಲು, ಒಳಗಿನ ಗುಣುಗುಣು, ಕೆಂಪಾದ ಕಣ್ಣಿಗೆ ಸೀಗೆಪುಡಿಯ ನೆಪ. ಲಕ್ಷಣಗಳೆಲ್ಲ ಪ್ರತಿ ಬೆಳಗ್ಗೆ ನನ್ನ ಮೂಗಿನ ಮುಂದೆಯೇ ಇದ್ದವು. ನಾನು ಟವೆಲ್ಲು ಹೊದ್ದು ಆಚೆ ನಿಂತು, ಅದು ಸ್ತೋತ್ರವೆಂದು ತೀರ್ಮಾನಿಸಿ, ಫಸ್ಟ್ ಅವರ್ ಕ್ಲಾಸಿನ ಬಗ್ಗೆ ಚಿಂತಿಸುತ್ತಿದ್ದೆ. ಅಮ್ಮನಿಗೆ ಬೇಕಾಗಿದ್ದ ಬಾಗಿಲು ದೇವರ ವಿಶ್ರಾಂತಿಗಲ್ಲ. ಶೋಕೇಸಿನ ದೇವರ ಮುಂದೆ ಟೀವಿಗೆ ಬೆನ್ನು ಹಾಕಿ ಹೇಳಲಾಗದ್ದನ್ನೆಲ್ಲ ಅವಳೂ ಬಚ್ಚಲಿನಲ್ಲಿಯೇ ಹೇಳಿ ಮುಗಿಸುತ್ತಿದ್ದಳು. ಅಪ್ಪ ಹೋದ ವರ್ಷ ಅವಳ ಸ್ನಾನ ಎಷ್ಟು ಹೊತ್ತು ಹಿಡಿಯುತ್ತಿತ್ತೆಂಬುದು ನನಗೆ ಆಗ ನೆನಪಾಯಿತು.

ಅಮ್ಮ ಹೂವಿನ ಬುಟ್ಟಿಯನ್ನು ಮತ್ತೆ ಎತ್ತಿಕೊಂಡಳು. ಪುರೋಹಿತರಿಗೆ ಪೂಜೆ ಮುಂದುವರಿಸಿ ಎಂದಳು. ವಿಮಲಾ ತಂದಿದ್ದ ಸೀರೆಯನ್ನು ಒಳಗಿಡು ಎಂದಳು. ಆಮೇಲೆ ಬಾಗಿಲಿನ ಒಳಮೈಯನ್ನು ಅಂಗೈಯಿಂದ ಸವರಿ, ಕೃಷ್ಣಾಚಾರಿ ಗೋಂದು ಮೆತ್ತಿ ಮುಚ್ಚಿದ್ದ ಜಾಗದಲ್ಲಿ ಬೆರಳು ನಿಲ್ಲಿಸಿ ನನ್ನನ್ನು ಕೇಳಿದಳು:

"ಇದರ ಚಿಲಕ ಎಲ್ಲೋ?"

ಅನ್ವರ್ ಸಾಬರ ಬಯಲಿನಲ್ಲಿ ಗೋಣಿಚೀಲದ ತುಂಬ ಚಿಲಕಗಳಿದ್ದವು. ಅದರದ್ದೇ ಚಿಲಕ ಯಾವುದೆಂದು ಹೇಳಲು ಸಾಧ್ಯವಾಗದೆ ಅವರು ಹಿತ್ತಾಳೆಯದೊಂದನ್ನು ಆರಿಸಿ, ದುಡ್ಡು ಬೇಡ ಎಂದು ಕೊಟ್ಟರು. ಕೃಷ್ಣಾಚಾರಿ ಬಂದು ತಾನೇ ಮೆತ್ತಿದ್ದನ್ನು ತಾನೇ ಕೆರೆದು ತೆಗೆದು, ಹಿಂದಿನ ಬಡಗಿಯ ತೂತುಗಳಲ್ಲಿಯೇ ತಿರುಪು ಬಿಗಿದ. "ದೇವರ ಮನೆಗೆ ಒಳಗಡೆ ಚಿಲಕಾನಾ ಸಾರ್?" ಎಂದು ಒಂದು ಸಲ ಕೇಳಿದ. ನಾನು ಹೌದೆಂದೆ. ತರ್ಕ ಕೊಡಲಿಲ್ಲ.

ಆ ಎಂಜಿನಿಯರ್ ಹುಡುಗಿ ಹೇಳಿದ್ದರಲ್ಲಿ ಒಂದು ಮಾತು ನನಗೆ ಈಗಲೂ ಆಗಾಗ ನೆನಪಾಗುತ್ತದೆ. ಮರ ತಾನು ಒಮ್ಮೆ ಒಳಗೆ ಎಳೆದುಕೊಂಡದ್ದನ್ನು, ಸುಡದೆ ಬಿಟ್ಟರೆ, ಎಷ್ಟು ಕಾಲ ಬೇಕಾದರೂ ಹೊರಗೆ ಬಿಡದೆ ಇಟ್ಟುಕೊಂಡಿರುತ್ತದೆ. ರಾಜಾಜಿನಗರದ ಒಬ್ಬ ಸೊಸೆ ಹಂಡೆಯ ಮುಂದೆ ಆಡಿದ್ದಷ್ಟನ್ನೂ ಈ ಆರು ಹಲಗೆಗಳು ಕೇಳಿಸಿಕೊಂಡಿವೆ. ಅವಳ ಮನೆಯಲ್ಲಿ ಒಬ್ಬರಿಗೂ ಹೇಳಿಲ್ಲ, ನಮ್ಮ ಮನೆಗೆ ಬಂದ ಮೇಲೂ ಹೇಳಿಲ್ಲ. ಅದನ್ನು ಸೌದೆಗೆ ಹಾಕಿದ್ದರೆ ಗಾಳಿಗೆ ಇನ್ನಷ್ಟು ಹೊಗೆ ಸೇರುತ್ತಿತ್ತೆಂಬುದು ನಿಜ. ಆದರೆ ನನಗೆ ಆ ಬಾಗಿಲಿನ ಬಗ್ಗೆ ಈಗಿರುವ ಗೌರವ ಗಾಳಿಗೆ ಸಂಬಂಧಿಸಿದ್ದಲ್ಲ. ಕಣ್ಣೀರು ಹಾಕಿದವರ ಮನೆಯದು ಬೇಡವೆಂದು ಅಮ್ಮ ಹಾಕಿದ್ದ ಷರತ್ತನ್ನು ಅವಳೂ ಮತ್ತೆ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಹೇರೋಹಳ್ಳಿಯ ಮನೆಯಲ್ಲಿ ಬಚ್ಚಲುಗಳು ಎರಡು. ಎರಡೂ ಬಹುಪಾಲು ಖಾಲಿಯಾಗಿಯೇ ಇರುತ್ತವೆ. ಅಮ್ಮ ಈಗ ಎರಡು ಚೊಂಬು ನೀರು ಹುಯ್ದುಕೊಂಡು ಕ್ಷಣದಲ್ಲಿ ಹೊರಗೆ ಬರುತ್ತಾಳೆ. ಆಮೇಲೆ ದೇವರ ಮನೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ. ಸ್ನಾನ ಮುಗಿಸಿ ದೀಪಕ್ಕೆ ನಮಸ್ಕಾರ ಮಾಡಿ ಕಾಲೇಜಿಗೆ ಓಡಬೇಕಾದ ನಾನು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಒಂದೇ ಕಾಲಿನ ಮೇಲೆ ಭಾರ ಬಿಟ್ಟು, ಹೊಳೆಯುವ ಹಿತ್ತಾಳೆ ತಗಡನ್ನು ನೋಡುತ್ತ ಆಚೆ ನಿಂತಿರುತ್ತೇನೆ. ಒಳಗೆ ಗುಣುಗುಣು ಕೇಳುತ್ತದೆ. ಕೈ ಅಭ್ಯಾಸಬಲದಿಂದ ಮೇಲೇಳುತ್ತದೆ, ಬಡಿಯುವುದಿಲ್ಲ.

ಶುಕ್ರವಾರಗಳಂದು ಸಾವಿತ್ರಮ್ಮ ಅತ್ತಿಗುಪ್ಪೆಯಿಂದ ಬಸ್ಸು ಬದಲಾಯಿಸಿಕೊಂಡು ಬರುತ್ತಾರೆ. ಮೊನ್ನೆಯ ಶುಕ್ರವಾರ ನಾನು ಸ್ನಾನ ಮುಗಿಸಿ ಬಂದಾಗ ಬಾಗಿಲು ಮುಚ್ಚಿತ್ತು. ಅದರ ಮುಂದೆ, ಗೋಡೆಗೆ ಒರಗಿಯೂ ಒರಗದಂತೆ, ಕೈಯಲ್ಲಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದವಳು ಅಮ್ಮ. ನನಗೆ ಹೊತ್ತಾಗಿತ್ತು. ಒಂದು ಸಲ ಬಡಿಯಲೇ ಎಂದು ಸನ್ನೆಯಲ್ಲೇ ಕೇಳಿದೆ.

"ಸುಮ್ನಿರೋ" ಎಂದಳು ಅಮ್ಮ, ಪಿಸುದನಿಯಲ್ಲಿ. "ಇವತ್ತು ಅವರಿಗೆ ಹೇಳೋದು ಜಾಸ್ತಿ ಇದೆ."

ನಾನು ಟವೆಲ್ಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, ಅಮ್ಮನ ಹಿಂದೆ ನಿಂತೆ.